ಲೇಬಲ್ ಇಲ್ಲದ ಟ್ರ್ಯಾಕ್ ಯಾವ ಭಾಷೆಯದು?

ಎಲ್ಲರಿಗೂ ನಮಸ್ಕಾರ.

ಒಂದು ಎಂಕೆವಿ ಅಥವಾ ಎಂಪಿ4 ವಿಡಿಯೊ ಫೈಲಿನೊಳಗೆ ಮೂರು ಭಾಷೆಯ ಆಡಿಯೊ, ನಾಲ್ಕೈದು ಸಬ್‌ಟೈಟಲ್ ಒಟ್ಟಿಗೆ ಇರಬಹುದು. ಇವುಗಳಲ್ಲಿ ಒಂದೊಂದೂ ಒಂದು ಟ್ರ್ಯಾಕ್. ಸಾಮಾನ್ಯವಾಗಿ ಪ್ಲೇಯರ್ ಮಾತು ಕೇಳಿ ಭಾಷೆ ಗುರುತಿಸುವುದಿಲ್ಲ. ಫೈಲ್ ಮಾಡಿದವರು ಬರೆದಿಟ್ಟ ಲೇಬಲ್ ಓದುತ್ತದೆ, ಅದನ್ನೇ ನಂಬುತ್ತದೆ. ಹಾಗಾಗಿ ಲೇಬಲ್ ಬರೆಯುವುದು ಆಮೇಲೆ ನೋಡಿಕೊಂಡರಾಯಿತು ಅನ್ನುವ ಕೆಲಸವಲ್ಲ.

ಖಾಲಿ ಬಿಟ್ಟರೆ ಏನಾಗುತ್ತದೆ? ಎಂಕೆವಿಗೆ ಆಧಾರವಾದ ಮಟ್ರೋಸ್ಕಾ ನಿಯಮ 2024ರಲ್ಲಿ ಆರ್‌ಎಫ್‌ಸಿ 9559 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಯಾಗಿ ಪ್ರಕಟವಾಯಿತು. ಅದರ ಪ್ರಕಾರ ಭಾಷೆ ಬರೆಯದ ಟ್ರ್ಯಾಕ್ ಅಂದರೆ ಇಂಗ್ಲಿಷ್ ಟ್ರ್ಯಾಕ್! ನಿಮ್ಮ ಕನ್ನಡ ಆಡಿಯೊ ಸುಮ್ನೆ ಇಂಗ್ಲಿಷ್ ಆಗಿಬಿಡುತ್ತದೆ. ಕನ್ನಡವೇ ಮೊದಲು ಬರಲಿ ಎಂದು ಪ್ಲೇಯರ್‌ನಲ್ಲಿ ಹೇಳಿಟ್ಟವರಿಗೆ ಆ ಟ್ರ್ಯಾಕ್ ತಾನಾಗಿ ಸಿಗುವುದಿಲ್ಲ. ಕನ್ನಡಕ್ಕೆ ಮೂರಕ್ಷರದ ಗುರುತು ಇದೆ: ಕೆ, ಎ, ಎನ್. ಅದನ್ನು ಬರೆಯಲು ಎಷ್ಟು ಹೊತ್ತು ಬೇಕು ಹೇಳಿ? ಭಾಷೆ ನಿಜಕ್ಕೂ ಗೊತ್ತಿಲ್ಲದಿದ್ದರೆ ಊಹಿಸಬೇಡಿ. ಅದಕ್ಕೆ ಯು, ಎನ್, ಡಿ ಎಂಬ ಗುರುತಿದೆ. ಮಾತೇ ಇಲ್ಲದ, ಬರೀ ಸಂಗೀತದ ಟ್ರ್ಯಾಕಿಗೆ ಝಡ್, ಎಕ್ಸ್, ಎಕ್ಸ್.

ತುಂಬಾ ಜನ ಟ್ರ್ಯಾಕಿನ ಹೆಸರಿನಲ್ಲಿ 'ಕನ್ನಡ' ಎಂದು ಬರೆದು ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಹೆಸರು ಮೆನು ತೆರೆದು ಓದುವ ಮನುಷ್ಯರಿಗೆ. ಪ್ಲೇಯರ್ ಆರಿಸುವಾಗ ನೋಡುವುದು ಭಾಷೆಯ ಗುರುತನ್ನು. ಎರಡೂ ಬೇಕು. ಹೆಸರಿನ ಜಾಗದಲ್ಲಿ 'ನಿರ್ದೇಶಕರ ಮಾತು' (ಚಿತ್ರದ ಬಗ್ಗೆ ನಿರ್ದೇಶಕರ ವಿವರಣೆ), 'ಸ್ಟೀರಿಯೊ' ಹೀಗೆ, ಗುರುತು ಹೇಳದ್ದನ್ನು ಬರೆದರೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಭಾಷೆ ಒಂದೇ ಆದರೂ ಲಿಪಿ ಬೇರೆ ಇರಬಹುದು, ಅಲ್ವಾ? ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಸಬ್‌ಟೈಟಲ್ ತೆಗೆದುಕೊಳ್ಳಿ. ಮೂರಕ್ಷರದ ಗುರುತಿನಲ್ಲಿ ಈ ವ್ಯತ್ಯಾಸ ಹೇಳಲು ಜಾಗವಿಲ್ಲ. ಬಿಸಿಪಿ 47 ಎಂಬ ಪದ್ಧತಿಯಲ್ಲಿ ಭಾಷೆಯ ಜೊತೆಗೆ ಲಿಪಿ, ದೇಶ ಎಲ್ಲ ಬರೆಯಬಹುದು. ಈಗಿನ ಮಟ್ರೋಸ್ಕಾದಲ್ಲಿ ಅದಕ್ಕೇ ಬೇರೆ ಜಾಗವಿದೆ.

ಇನ್ನು ಫ್ಲ್ಯಾಗ್‌ಗಳು. ಟ್ರ್ಯಾಕಿಗೆ 'ಹೌದು' ಅಥವಾ 'ಅಲ್ಲ' ಎಂದು ಹಾಕುವ ಸೂಚನೆಗಳಿವು. ಜಾಸ್ತಿ ಗೊಂದಲ ಇರುವುದು ಇಲ್ಲೇ. 'ಡಿಫಾಲ್ಟ್' ಅಂದರೆ ಈ ಟ್ರ್ಯಾಕನ್ನು ಪ್ಲೇಯರ್ ತಾನಾಗಿ ಆರಿಸಬಹುದು ಎಂದು. ನೀವು ಏನೂ ಹೇಳದಿದ್ದರೆ ಮಟ್ರೋಸ್ಕಾ ಅದನ್ನು 'ಹೌದು' ಎಂದೇ ತಿಳಿಯುತ್ತದೆ. ಆದ್ದರಿಂದ ನಿರ್ದೇಶಕರ ಮಾತಿನ ಟ್ರ್ಯಾಕಿಗೆ 'ಅಲ್ಲ' ಎಂದು ಬರೆಯಲೇಬೇಕು. 'ಫೋರ್ಸ್ಡ್' ಸಬ್‌ಟೈಟಲ್ ಅಂದರೆ ಪೂರ್ತಿ ಸಂಭಾಷಣೆಯ ಸಬ್‌ಟೈಟಲ್ ಅಲ್ಲ. ಕಥೆಯ ನಡುವೆ ಯಾರೋ ಬೇರೆ ಭಾಷೆ ಮಾತಾಡುತ್ತಾರೆ, ಪರದೆಯ ಮೇಲೆ ಒಂದು ಬೋರ್ಡ್ ಕಾಣುತ್ತದೆ. ಅಷ್ಟನ್ನು ಮಾತ್ರ ಅನುವಾದಿಸುವ ಟ್ರ್ಯಾಕ್ ಅದು. ಸಬ್‌ಟೈಟಲ್ ಬೇಡ ಎಂದವರಿಗೂ ಅದು ಕಾಣಬೇಕು, ಅದಕ್ಕೇ ಆ ಫ್ಲ್ಯಾಗ್. ಪೂರ್ತಿ ಸಬ್‌ಟೈಟಲಿಗೆ ಅದನ್ನು ಹಾಕಿದರೆ ಬೇಡ ಎಂದವರ ಕಣ್ಣಿಗೂ ಪ್ರತಿ ಸಾಲು ಬಂದು ಬೀಳುತ್ತದೆ.

ಕಿವಿ ಕೇಳಿಸದವರ ಸಬ್‌ಟೈಟಲಿನಲ್ಲಿ 'ಬಾಗಿಲು ಬಡಿದ ಸದ್ದು' ಎಂದೂ ಬರೆದಿರುತ್ತದೆ. ಕಣ್ಣು ಕಾಣದವರ ಆಡಿಯೊದಲ್ಲಿ ದೃಶ್ಯದ ವಿವರಣೆ ಇರುತ್ತದೆ. ಇವೆರಡಕ್ಕೂ ಮಟ್ರೋಸ್ಕಾದಲ್ಲಿ ಬೇರೆ ಬೇರೆ ಫ್ಲ್ಯಾಗ್ ಇವೆ. ನನ್ನ ಪ್ರಕಾರ ಬೇರೆಲ್ಲಕ್ಕಿಂತ ಮೊದಲು ಸರಿಯಾಗಬೇಕಾದದ್ದು ಇವು. ಕಣ್ಣು ಕಾಣದವರು ಮೆನುವಿನಲ್ಲಿ ಒಂದೊಂದೇ ಟ್ರ್ಯಾಕ್ ಹಾಕಿ ಹುಡುಕಲಿ ಎನ್ನುವುದು ನ್ಯಾಯವಲ್ಲ.

ಹಳೆಯ ಫೈಲ್‌ಗಳನ್ನೂ ಸರಿಮಾಡಬಹುದು. ಎಂಕೆವಿ ಟೂಲ್‌ನಿಕ್ಸ್ ಎಂಬ ತಂತ್ರಾಂಶದಲ್ಲಿ ಹೆಡರ್ (ಈ ವಿವರಗಳಿರುವ ಭಾಗ) ಮಾತ್ರ ತಿದ್ದುವ ಸೌಲಭ್ಯವಿದೆ, ಗಿಗಾಬೈಟ್‌ಗಟ್ಟಲೆ ಫೈಲನ್ನು ಮತ್ತೆ ಬರೆಯಬೇಕಿಲ್ಲ. ಎಂಪಿ4ಗೆ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ಇದೆ. ಫೈಲ್ ಹೊಸದಾಗಿ ಬರೆದರೂ ಚಿತ್ರ, ಧ್ವನಿಯನ್ನು ಹಾಗೇ ನಕಲು ಮಾಡುವಂತೆ ಅದಕ್ಕೆ ಹೇಳಬಹುದು, ಗುಣಮಟ್ಟ ಕೆಡುವುದಿಲ್ಲ. ತಿದ್ದುವ ಮೊದಲು ಪ್ರತಿ ಟ್ರ್ಯಾಕನ್ನೂ ಸ್ವಲ್ಪ ಹೊತ್ತು ಕೇಳಿ. ತಿದ್ದಿದ ಮೇಲೆ ಪ್ಲೇಯರ್‌ನ ಭಾಷೆಯ ಆಯ್ಕೆ ಬದಲಿಸುತ್ತಾ ಫೈಲ್ ತೆರೆದು, ಯಾವ ಟ್ರ್ಯಾಕ್ ತಾನಾಗಿ ಬರುತ್ತದೆ ನೋಡಿ.