ಕಲ್ಕತ್ತಾ ಕಪ್‌ಗಾಗಿ ಕಾಯುವವರು

ಎಲ್ಲರಿಗೂ ನಮಸ್ಕಾರ.

ರಗ್ಬಿಯ ಬಗ್ಗೆ ಕನ್ನಡದಲ್ಲಿ ಉಪನ್ಯಾಸ ಎಂದಾಗ ಸಂಘಟಕರಿಗೇ ಸ್ವಲ್ಪ ಅನುಮಾನವಿತ್ತು. ಇಷ್ಟು ಜನ ಬಂದಿದ್ದೀರಿ, ಸಂತೋಷ. ನಿಯಮ ಗೊತ್ತಿಲ್ಲದವರು ಅಂಜಬೇಕಾಗಿಲ್ಲ. ತಂಡಕ್ಕೆ ಹದಿನೈದು ಜನ, ಎಂಬತ್ತು ನಿಮಿಷದ ಆಟ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಹಿಂದಕ್ಕೋ ಪಕ್ಕಕ್ಕೋ ಕೊಡಬೇಕು. ಎದುರಾಳಿಯ ಗೆರೆ ದಾಟಿ ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ, ಐದು ಅಂಕ. ಅದರ ಬೆನ್ನಿಗೇ ಕಂಬಗಳ ನಡುವೆ ಒದ್ದರೆ ಇನ್ನೆರಡು. ಇವತ್ತಿನ ಮಾತಿಗೆ ಇಷ್ಟು ಸಾಕು, ಏಕೆಂದರೆ ನಾನು ಮಾತನಾಡಬೇಕೆಂದಿರುವುದು ಆಟಗಾರರಿಗಿಂತ ಹೆಚ್ಚಾಗಿ ಪಂದ್ಯಕ್ಕಾಗಿ ಕಾಯುವ ಜನರ ಬಗ್ಗೆ. ಅದರಲ್ಲೂ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವಿನ ಪಂದ್ಯಕ್ಕಾಗಿ ಕಾಯುವವರ ಬಗ್ಗೆ.

ಈ ಎರಡು ದೇಶಗಳೇ ಏಕೆ? ರಗ್ಬಿಯ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆದದ್ದೇ ಇವುಗಳ ನಡುವೆ, 1871ರ ಮಾರ್ಚ್ 27ರಂದು, ಎಡಿನ್‌ಬರೋದ ರೇಬರ್ನ್ ಪ್ಲೇಸ್ ಮೈದಾನದಲ್ಲಿ. ಆಗ ತಂಡಕ್ಕೆ ಇಪ್ಪತ್ತು ಜನ. ಸ್ಕಾಟ್ಲೆಂಡ್ ಗೆದ್ದಿತು. ಎರಡನೆಯ ಕಾರಣ ನಮಗೆ ಇನ್ನೂ ಹತ್ತಿರದ್ದು. ಇವರು ಪ್ರತಿವರ್ಷ ಸೆಣಸುವ ಟ್ರೋಫಿಯ ಹೆಸರು ಕಲ್ಕತ್ತಾ ಕಪ್. ಮಾಡಿದ್ದು ನಮ್ಮ ದೇಶದ ಬೆಳ್ಳಿಯಲ್ಲಿ, ನಮ್ಮ ದೇಶದ ಕುಸುರಿಗಾರರ ಕೈಯಲ್ಲಿ.

ಆ ಕಥೆಯಲ್ಲಿ ನಗು ತರಿಸುವ ಭಾಗವೂ ಇದೆ. 1872ರ ಕ್ರಿಸ್‌ಮಸ್ ದಿನ ಕಲ್ಕತ್ತೆಯಲ್ಲಿದ್ದ ಬ್ರಿಟಿಷರು ಎರಡು ಪಂಗಡವಾಗಿ ರಗ್ಬಿ ಆಡಿದರು. ಒಂದು ಕಡೆ ಇಂಗ್ಲೆಂಡಿನವರು, ಇನ್ನೊಂದು ಕಡೆ ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್ ಎಲ್ಲ ಸೇರಿದವರು. ಆಟ ರುಚಿಸಿತು, ಮರುತಿಂಗಳೇ ಕ್ಲಬ್ ಹುಟ್ಟಿತು. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಸೇನಾ ರೆಜಿಮೆಂಟ್ ಊರು ಬಿಟ್ಟಿತು. ಬಂಗಾಳದ ಸೆಕೆಗೆ ಟೆನಿಸ್ ಮತ್ತು ಪೋಲೋ ವಾಸಿ ಅನ್ನಿಸಿತು. ಎಲ್ಲಕ್ಕಿಂತ ಮುಖ್ಯವಾಗಿ, ಸದಸ್ಯರಿಗೆ ಬಿಟ್ಟಿಯಾಗಿ ಹರಿಯುತ್ತಿದ್ದ ಮದ್ಯ ನಿಂತಿತು. ಅದರೊಂದಿಗೆ ಕ್ರೀಡಾಪ್ರೇಮವೂ ಬತ್ತಿತು! ಕ್ಲಬ್ ಮುಚ್ಚುವಾಗ ಉಳಿದ ಹಣದಲ್ಲಿ ಒಂದು ಭರ್ಜರಿ ಔತಣ ಮಾಡಿ ಮುಗಿಸಬಹುದಿತ್ತು. ಹಾಗೆ ಮಾಡದೆ, ಬ್ಯಾಂಕಿನಿಂದ ಬೆಳ್ಳಿ ರೂಪಾಯಿಗಳನ್ನು ತೆಗೆದು, ಕರಗಿಸಿ, ಒಂದು ಬಟ್ಟಲು ಮಾಡಿಸಿ ಇಂಗ್ಲೆಂಡಿನ ರಗ್ಬಿ ಸಂಸ್ಥೆಗೆ ಕೊಟ್ಟರು. ಸುಮಾರು ಒಂದೂವರೆ ಅಡಿ ಎತ್ತರ, ಹಿಡಿಕೆಗಳ ಜಾಗದಲ್ಲಿ ಮೂರು ಕಾಳಿಂಗ ಸರ್ಪಗಳು, ಮುಚ್ಚಳದ ಮೇಲೊಂದು ಆನೆ. ಎಡಿನ್‌ಬರೋದ ಚಳಿಯಲ್ಲಿ ನಿಂತ ಸಾವಿರಾರು ಜನ ಕಣ್ಣಿಟ್ಟು ಕಾಯುವುದು ಈ ಹಾವು ಮತ್ತು ಆನೆಗಳಿಗಾಗಿ ಎಂದರೆ ನನಗೆ ಈಗಲೂ ವಿಚಿತ್ರವೆನಿಸುತ್ತದೆ. ಇದಕ್ಕಾಗಿ ನಡೆದ ಮೊದಲ ಪಂದ್ಯ 1879ರದು. ಅದು ಸಮವಾಯಿತು, ಅಂದರೆ ಕಪ್ ಯಾರಿಗೂ ಇಲ್ಲ. ಮೊದಲ ವರ್ಷವೇ ಅಭಿಮಾನಿಗಳಿಗೆ 'ಮುಂದಿನ ವರ್ಷ ನೋಡೋಣ' ಎಂಬ ಪಾಠವಾಯಿತು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಇಬ್ಬರು ವೈರಿಗಳ ಪಂದ್ಯ ಎಂದಾಗ ಎರಡೂ ಕಡೆಯವರು ಒಂದೇ ತೀವ್ರತೆಯಿಂದ ಕಾಯುತ್ತಾರೆ ಎಂದು ನಾವು ಭಾವಿಸುತ್ತೇವೆ. ಇಲ್ಲಿ ಹಾಗಿಲ್ಲ. ಇಂಗ್ಲೆಂಡಿನ ಅಭಿಮಾನಿಗೆ ಕಣ್ಣೆದುರು ಹಲವು ಎದುರಾಳಿಗಳಿದ್ದಾರೆ. ಫ್ರಾನ್ಸ್ ಇದೆ, ವೇಲ್ಸ್ ಇದೆ, ಐರ್ಲೆಂಡ್ ಇದೆ, ದೂರದ ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಇವೆ. ಎಲ್ಲರೂ ಅವನನ್ನೇ ಸೋಲಿಸಬೇಕೆಂದು ಕಾಯುತ್ತಾರೆ, ಅವನು ಯಾರಿಗಾಗಿ ಕಾಯಬೇಕು? ಸ್ಕಾಟ್ಲೆಂಡಿನವನ ಪಂಚಾಂಗದಲ್ಲಿ ಮಾತ್ರ ಒಂದೇ ದಿನಕ್ಕೆ ಕೆಂಪು ಗುರುತು. ವರ್ಷದ ಉಳಿದೆಲ್ಲ ಪಂದ್ಯಗಳನ್ನು ಸೋತರೂ ಆ ಒಂದನ್ನು ಗೆದ್ದರೆ ವರ್ಷ ವ್ಯರ್ಥವಾಗಲಿಲ್ಲ ಎನ್ನುವವರಿದ್ದಾರೆ. ನಮ್ಮಲ್ಲಿ ಹಿರಿಯರಿಗೆ ಇದು ಬೇಗ ಅರ್ಥವಾಗುತ್ತದೆ. ಹದಿನೈದು ವರ್ಷ ಒಂದೇ ಸಮನೆ ರಣಜಿ ಗೆದ್ದ ಬಾಂಬೆಯನ್ನು 1974ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ತಡೆದಾಗ, ಪ್ರಸನ್ನ ಅವರು ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ್ದನ್ನು ನೆನೆದು ಇವತ್ತಿಗೂ ಕಣ್ಣರಳಿಸುವವರು ಈ ಸಭೆಯಲ್ಲೇ ಇರಬಹುದು. ಬಾಂಬೆಯವರಿಗೆ ಆ ಪಂದ್ಯ ಅಷ್ಟು ನೆನಪಿದೆಯೇ? ನನಗೆ ಸಂಶಯ.

ಕಾಯುವಿಕೆಗೆ ಒಂದು ಲೆಕ್ಕಾಚಾರವೂ ಇದೆ. ಆರು ದೇಶಗಳ ವಾರ್ಷಿಕ ಟೂರ್ನಿಯಲ್ಲಿ ಈ ಪಂದ್ಯ ಸಮ ವರ್ಷಗಳಲ್ಲಿ ಎಡಿನ್‌ಬರೋದ ಮರೇಫೀಲ್ಡ್ ಕ್ರೀಡಾಂಗಣದಲ್ಲಿ, ಬೆಸ ವರ್ಷಗಳಲ್ಲಿ ಲಂಡನ್ನಿನ ಟ್ವಿಕನಮ್‌ನಲ್ಲಿ ನಡೆಯುತ್ತದೆ. ಅಂದರೆ ತವರಿನಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯ ನೋಡಲು ಸ್ಕಾಟ್ ಅಭಿಮಾನಿ ಎರಡು ವರ್ಷ ಕಾಯಬೇಕು. ಆ ಪಂದ್ಯದ ವಾರ ಹೇಗಿರುತ್ತದೆ ನೋಡಿ. ಮೊದಲು ತಂಡದ ಪಟ್ಟಿಗಾಗಿ ಕಾಯುವುದು. ಯಾರು ಹತ್ತನೆಯ ನಂಬರಿನ ಅಂಗಿ ಹಾಕುತ್ತಾರೆ, ಅಂದರೆ ಆಟ ನಡೆಸುವವನು ಯಾರು. ಗಾಯಗೊಂಡಿದ್ದವನ ಮಂಡಿ ವಾಸಿಯಾಯಿತೇ. ಮುಂಚೂಣಿಯ ದಢೂತಿಗಳಲ್ಲಿ ಯಾರನ್ನು ಬೆಂಚಿನಲ್ಲಿ ಉಳಿಸಿದ್ದಾರೆ. ಪಟ್ಟಿ ಬಂದ ಮೇಲೆ ಆಕಾಶ ನೋಡುವುದು. ಫೆಬ್ರವರಿ, ಮಾರ್ಚ್ ತಿಂಗಳ ಸ್ಕಾಟ್ಲೆಂಡಿನಲ್ಲಿ ಮಳೆ ಬಂದರೆ ಚೆಂಡು ಸಾಬೂನಿನಂತಾಗುತ್ತದೆ, ವೇಗದ ತಂಡ ನಿಧಾನವಾಗುತ್ತದೆ. ಆದ್ದರಿಂದ ದುರ್ಬಲ ತಂಡದ ಅಭಿಮಾನಿ ಮಳೆಗಾಗಿ ಪ್ರಾರ್ಥಿಸುತ್ತಾನೆ. ನಮ್ಮ ರೈತನೂ ಪ್ರಾರ್ಥಿಸುತ್ತಾನೆ, ಉದ್ದೇಶ ಬೇರೆ.

ಈ ಪ್ರಾರ್ಥನೆ ಒಮ್ಮೆ ಅಕ್ಷರಶಃ ಫಲಿಸಿತು. 2000ದ ಏಪ್ರಿಲ್. ಸ್ಕಾಟ್ಲೆಂಡ್ ಆ ವರ್ಷದ ನಾಲ್ಕೂ ಪಂದ್ಯಗಳನ್ನು ಸೋತಿತ್ತು, ಇಂಗ್ಲೆಂಡ್ ನಾಲ್ಕನ್ನೂ ಗೆದ್ದಿತ್ತು. ಐದನೆಯದನ್ನೂ ಗೆದ್ದರೆ ಗ್ರ್ಯಾಂಡ್ ಸ್ಲಾಮ್, ಅಂದರೆ ಎಲ್ಲರನ್ನೂ ಮಣಿಸಿದ ಕೀರ್ತಿ. ಕಾಗದದ ಮೇಲೆ ನೋಡಿದರೆ ಪಂದ್ಯವೇ ಅಲ್ಲ. ಆದರೆ ಮರೇಫೀಲ್ಡಿನಲ್ಲಿ ಧಾರಾಕಾರ ಮಳೆ ಸುರಿಯಿತು. ಸ್ಕಾಟ್ಲೆಂಡ್ 19-13ರಿಂದ ಗೆದ್ದಿತು. ಆ ಹತ್ತೊಂಬತ್ತು ಅಂಕಗಳನ್ನೂ ಗಳಿಸಿದವರು ಡಂಕನ್ ಹಾಡ್ಜ್ ಒಬ್ಬರೇ. 1990ರ ನಂತರ ಈ ಕಪ್ ಸ್ಕಾಟ್ಲೆಂಡಿನ ಕೈಗೆ ಬಂದದ್ದು ಅಂದೇ.

1990ರ ಪಂದ್ಯದ ಮಾತು ಬಂದಿತಲ್ಲ, ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕಾಯುವಿಕೆಯಲ್ಲಿ ರಾಜಕೀಯ ಬೆರೆತರೆ ಏನಾಗುತ್ತದೆ ಎಂಬುದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮಾರ್ಚ್ 17. ಆಗ ಟೂರ್ನಿಯಲ್ಲಿ ಐದೇ ದೇಶಗಳು, ಎರಡೂ ತಂಡಗಳು ಅಲ್ಲಿಯವರೆಗಿನ ಮೂರೂ ಪಂದ್ಯಗಳನ್ನು ಗೆದ್ದಿದ್ದವು. ಗೆದ್ದವರಿಗೆ ಕಲ್ಕತ್ತಾ ಕಪ್, ಚಾಂಪಿಯನ್ ಪಟ್ಟ, ಗ್ರ್ಯಾಂಡ್ ಸ್ಲಾಮ್ ಎಲ್ಲವೂ. ಮಾರ್ಗರೆಟ್ ಥ್ಯಾಚರ್ ಸರ್ಕಾರ ಪ್ರತಿ ವಯಸ್ಕನ ಮೇಲೂ ಹಾಕಿದ ತಲೆಗಂದಾಯವನ್ನು, ಇಂಗ್ಲೆಂಡಿಗಿಂತ ಒಂದು ವರ್ಷ ಮುಂಚೆ, 1989ರಲ್ಲೇ ಸ್ಕಾಟ್ಲೆಂಡಿನಲ್ಲಿ ಜಾರಿಗೆ ತಂದಿತ್ತು. ತಮ್ಮನ್ನು ಪ್ರಯೋಗದ ಇಲಿಗಳನ್ನಾಗಿ ಮಾಡಿದರು ಎಂಬ ಸಿಟ್ಟು ಮನೆಮನೆಯಲ್ಲಿತ್ತು. ಅದಕ್ಕೂ ಹದಿನೈದು ಜನ ಇಂಗ್ಲಿಷ್ ಆಟಗಾರರಿಗೂ ಏನು ಸಂಬಂಧ? ಏನೂ ಇಲ್ಲ. ಆದರೆ ಮೈದಾನಕ್ಕೆ ಬರುವ ಜನ ತಮ್ಮ ಸಿಟ್ಟನ್ನು ಮನೆಯಲ್ಲಿಟ್ಟು ಬರುವುದಿಲ್ಲ. ನಾಯಕ ಡೇವಿಡ್ ಸೋಲ್ ತಮ್ಮ ತಂಡವನ್ನು ಓಡಿಸಿಕೊಂಡು ಬರಲಿಲ್ಲ. ನಿಧಾನವಾಗಿ, ಒಂದೊಂದೇ ಹೆಜ್ಜೆಯಿಟ್ಟು ನಡೆಸಿಕೊಂಡು ಬಂದರು. ಆ ನಡಿಗೆ ನೋಡಿದ ಕ್ಷಣವೇ ಕ್ರೀಡಾಂಗಣ ಹುಚ್ಚೆದ್ದಿತು. ಬಳಿಕ 'ಫ್ಲವರ್ ಆಫ್ ಸ್ಕಾಟ್ಲೆಂಡ್' ಹಾಡಿದರು. 1314ರಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ರಾಬರ್ಟ್ ಬ್ರೂಸ್ ಇಂಗ್ಲೆಂಡಿನ ದೊರೆ ಎರಡನೆಯ ಎಡ್ವರ್ಡನ ಸೈನ್ಯವನ್ನು ಹಿಮ್ಮೆಟ್ಟಿಸಿದ್ದನ್ನು ನೆನೆಯುವ ಹಾಡು ಅದು. ದ್ವಿತೀಯಾರ್ಧದ ಆರಂಭದಲ್ಲೇ ಗ್ಯಾವಿನ್ ಹೇಸ್ಟಿಂಗ್ಸ್ ಮುಂದಕ್ಕೆ ಒದ್ದ ಚೆಂಡನ್ನು ಟೋನಿ ಸ್ಟ್ಯಾಂಗರ್ ಮೂಲೆಯಲ್ಲಿ ಹಿಡಿದು ಟ್ರೈ ಗಳಿಸಿದರು. 13-7. ಇಂಗ್ಲೆಂಡಿನವರು ಗೆಲ್ಲುತ್ತೇವೆಂದು ಬಂದಿದ್ದರು, ಸ್ಕಾಟ್ಲೆಂಡಿನವರು ಏಳು ಶತಮಾನಗಳ ಲೆಕ್ಕ ತೀರಿಸಲು ಬಂದಿದ್ದರು ಎಂದು ಬೇಕಾದರೆ ಹೇಳಬಹುದು. ಸ್ವಲ್ಪ ಉತ್ಪ್ರೇಕ್ಷೆಯೇ. ಆದರೆ ಆ ದಿನದ ಜನರ ಮುಂದೆ ಹೇಳಿದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಮರುವರ್ಷ ವಿಶ್ವಕಪ್ ಸೆಮಿಫೈನಲ್, ಮತ್ತೆ ಮರೇಫೀಲ್ಡ್, ಮತ್ತೆ ಇವೇ ತಂಡಗಳು. 6-6 ಸಮವಾಗಿದ್ದಾಗ ಕಂಬಗಳ ಎದುರಿಗೇ ಸಿಕ್ಕ ಸುಲಭದ ಪೆನಾಲ್ಟಿಯನ್ನು, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ಒದೆತವನ್ನು, ಅದೇ ಹೇಸ್ಟಿಂಗ್ಸ್ ತಪ್ಪಿಸಿದರು. ಇಂಗ್ಲೆಂಡ್ 9-6ರಿಂದ ಗೆದ್ದಿತು. ಹಿಂದಿನ ವರ್ಷದ ಸುಖವನ್ನು ಹೇಳುವ ಸ್ಕಾಟ್ ಅಭಿಮಾನಿ ಈ ಒದೆತದ ಬಳಿ ಬಂದಾಗ ದನಿ ತಗ್ಗಿಸುತ್ತಾನೆ.

ಇಷ್ಟೆಲ್ಲ ಹಳೆಯ ದ್ವೇಷ ಇದ್ದರೆ ಹೊಡೆದಾಟ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ಇಲ್ಲಿಯೇ ಈ ಆಟದ ಅಭಿಮಾನಿಗಳನ್ನು ನಾನು ಮೆಚ್ಚುವುದು. ಅಲ್ಲಿನ ಫುಟ್‌ಬಾಲ್ ಪಂದ್ಯಗಳಲ್ಲಿ ಎರಡು ತಂಡಗಳ ಬೆಂಬಲಿಗರನ್ನು ಬೇರೆ ಬೇರೆ ಗ್ಯಾಲರಿಗಳಲ್ಲಿ ಕೂರಿಸುತ್ತಾರೆ, ನಡುವೆ ಕಾವಲು. ರಗ್ಬಿಯಲ್ಲಿ ಹಾಗೆ ವಿಂಗಡಿಸುವುದಿಲ್ಲ. ಬಿಳಿ ಅಂಗಿಯ ಇಂಗ್ಲೆಂಡಿನವನ ಪಕ್ಕದಲ್ಲೇ ಕಿಲ್ಟ್ ಉಟ್ಟ ಸ್ಕಾಟ್ ಕೂರುತ್ತಾನೆ, ಇಬ್ಬರ ಕೈಯಲ್ಲೂ ಬಿಯರ್. ಹೀಯಾಳಿಕೆ ಇಲ್ಲವೆಂದಲ್ಲ. ಇಂಗ್ಲೆಂಡಿನ ರಾಷ್ಟ್ರಗೀತೆಗೆ ಮರೇಫೀಲ್ಡಿನಲ್ಲಿ ಕೂಗು ಹಾಕುವವರಿದ್ದಾರೆ, ಅದು ನನಗೆ ಹಿಡಿಸದ ಸಂಗತಿ. ಆದರೆ ಆಟ ಮುಗಿದ ಮೇಲೆ ಅದೇ ಜನ ಹೇಮಾರ್ಕೆಟ್ ದಾರಿಯಲ್ಲಿ, ರೋಸ್ ಸ್ಟ್ರೀಟಿನ ಪಬ್ಬುಗಳಲ್ಲಿ ಒಟ್ಟಿಗೆ ನಿಂತು ರೆಫರಿಯನ್ನು ಬೈಯುತ್ತಾರೆ.

ಆಟಗಾರರೂ ಹಿಂದೆ ಬೀಳಲಿಲ್ಲ. 1988ರಲ್ಲಿ ಪಂದ್ಯ ಮುಗಿದ ರಾತ್ರಿ ಇಂಗ್ಲೆಂಡಿನ ಡೀನ್ ರಿಚರ್ಡ್ಸ್ ಮತ್ತು ಸ್ಕಾಟ್ಲೆಂಡಿನ ಜಾನ್ ಜೆಫ್ರಿ ಸೇರಿಕೊಂಡು ಕಪ್ಪನ್ನೇ ಎತ್ತಿಕೊಂಡು ಎಡಿನ್‌ಬರೋ ಬೀದಿಗಳಲ್ಲಿ ಅಡ್ಡಾಡಿದರು. ಬೆಳಗಾಗುವಷ್ಟರಲ್ಲಿ ಕಪ್ ಜಜ್ಜಿಹೋಗಿತ್ತು. ಜೆಫ್ರಿಗೆ ತಿಂಗಳುಗಟ್ಟಲೆ ನಿಷೇಧ, ರಿಚರ್ಡ್ಸ್‌ಗೆ ಹಗುರ ಶಿಕ್ಷೆ. ಶಿಕ್ಷೆಯಲ್ಲೂ ಸಮಾನತೆ ಇಲ್ಲ ಎಂದು ಸ್ಕಾಟರು ಗೊಣಗಿದರೆ ತಪ್ಪೆನ್ನಲಾಗದು.

ಗೊಣಗುವುದರಲ್ಲಿ ಇವರದು ಹಳೆಯ ಪರಂಪರೆ. 1884ರ ಪಂದ್ಯದಲ್ಲಿ ಸ್ಕಾಟ್ ಆಟಗಾರನೊಬ್ಬ ಚೆಂಡನ್ನು ಹಿಂದಕ್ಕೆ ತಟ್ಟಿದ. ಅದನ್ನು ಹಿಡಿದು ಇಂಗ್ಲೆಂಡ್ ಟ್ರೈ ಗಳಿಸಿತು. 'ನಮ್ಮ ನಿಯಮದ ಪ್ರಕಾರ ಹಾಗೆ ತಟ್ಟಿದ್ದು ನಮ್ಮ ತಪ್ಪು, ಆದ್ದರಿಂದ ಆಟ ಅಲ್ಲಿಗೇ ನಿಲ್ಲಬೇಕಿತ್ತು, ನಿಮ್ಮ ಟ್ರೈ ಸಲ್ಲದು' ಎಂಬುದು ಸ್ಕಾಟರ ವಾದ. ತಮ್ಮ ತಪ್ಪನ್ನೇ ಸಾಕ್ಷಿಯಾಗಿಟ್ಟು ನ್ಯಾಯ ಕೇಳುವ ಈ ಜಾಣ್ಮೆಯನ್ನು ಇಂಗ್ಲೆಂಡ್ ಒಪ್ಪಲಿಲ್ಲ. 1885ರಲ್ಲಿ ಪಂದ್ಯವೇ ನಡೆಯಲಿಲ್ಲ. ಈ ಜಗಳದಿಂದಲೇ 1886ರಲ್ಲಿ ಅಂತರರಾಷ್ಟ್ರೀಯ ಮಂಡಳಿ ಹುಟ್ಟಿತು, ಇವತ್ತು ಇಡೀ ಜಗತ್ತಿನ ರಗ್ಬಿಯನ್ನು ಆಳುತ್ತಿರುವುದು ಅದರ ಮುಂದುವರಿಕೆ.

ಇತ್ತೀಚಿನ ವರ್ಷಗಳಲ್ಲಿ ಈ ಕಾಯುವಿಕೆಯ ಬಣ್ಣ ಬದಲಾಗಿದೆ. 2017ರಲ್ಲಿ ಟ್ವಿಕನಮ್‌ನಲ್ಲಿ ಸ್ಕಾಟ್ಲೆಂಡ್ 61-21ರಿಂದ ನುಚ್ಚುನೂರಾಯಿತು. ಮರುವರ್ಷ ಮರೇಫೀಲ್ಡಿನಲ್ಲಿ 25-13ರಿಂದ ಗೆದ್ದಿತು. 2019ರದಂತೂ ನಂಬಲಾಗದ ಪಂದ್ಯ. ಇಂಗ್ಲೆಂಡ್ 31-0 ಮುಂದಿತ್ತು, ಟಿವಿ ಆರಿಸಿ ಮಲಗಿದವರೂ ಇದ್ದಿರಬೇಕು. ಅಲ್ಲಿಂದ ಸ್ಕಾಟ್ಲೆಂಡ್ ಸತತ 38 ಅಂಕ ಗಳಿಸಿತು. ಕೊನೆಯ ಗಳಿಗೆಯಲ್ಲಿ ಜಾರ್ಜ್ ಫೋರ್ಡ್ ಇಂಗ್ಲೆಂಡಿನ ಮಾನ ಉಳಿಸಿ 38-38 ಮಾಡಿದರು. ಸಮವಾದರೆ ಕಪ್ ಹಿಂದಿನ ವರ್ಷ ಗೆದ್ದವರಲ್ಲೇ ಉಳಿಯುತ್ತದೆ, ಹೀಗಾಗಿ ಅದು ಸ್ಕಾಟ್ಲೆಂಡಿನಲ್ಲೇ ಉಳಿಯಿತು. 2021ರಲ್ಲಿ, 1983ರ ನಂತರ ಮೊದಲ ಬಾರಿ, ಸ್ಕಾಟ್ಲೆಂಡ್ ಟ್ವಿಕನಮ್‌ನಲ್ಲಿ ಗೆದ್ದಿತು. ಮೂವತ್ತೆಂಟು ವರ್ಷ ಕಾದ ಗೆಲುವು. ಆದರೆ ಕೊರೊನಾದಿಂದಾಗಿ ಆಸನಗಳೆಲ್ಲ ಖಾಲಿ, ನೋಡಲು ಒಬ್ಬ ಅಭಿಮಾನಿಯೂ ಒಳಗಿರಲಿಲ್ಲ. ವಿಧಿಗೂ ಇಂಥ ಚೇಷ್ಟೆ ಇರುತ್ತದೆ. ಆಮೇಲೆ 2022, 2023, 2024 ಮೂರರಲ್ಲೂ ಗೆಲುವು. 2024ರಲ್ಲಿ ಡುಹಾನ್ ವಾನ್ ಡರ್ ಮರ್ವೆ ಒಬ್ಬರೇ ಮೂರು ಟ್ರೈ ಗಳಿಸಿದರು.

ಇಲ್ಲೊಂದು ಸೂಕ್ಷ್ಮವಿದೆ. ಸೋಲನ್ನೇ ನಿರೀಕ್ಷಿಸಿ ಗೆಲುವನ್ನು ಆಸೆಪಡುವುದು ಸ್ಕಾಟ್ ಅಭಿಮಾನಿಗೆ ಅಭ್ಯಾಸವಾಗಿತ್ತು. ಗೆಲುವನ್ನೇ ನಿರೀಕ್ಷಿಸಿ ಕಾಯುವುದು ಹೊಸತು, ಅದು ಹೆಚ್ಚು ನೋಯಿಸುತ್ತದೆ. 2025ರ ಫೆಬ್ರವರಿಯಲ್ಲಿ ಅದೇ ಆಯಿತು. ಸ್ಕಾಟ್ಲೆಂಡ್ ಮೂರು ಟ್ರೈ ಗಳಿಸಿತು, ಇಂಗ್ಲೆಂಡ್ ಒಂದೇ ಒಂದು. ಆದರೆ ಟ್ರೈಗಳ ಬೆನ್ನಿಗೆ ಒದೆಯಬೇಕಾದ ಮೂರು ಒದೆತಗಳನ್ನೂ ಫಿನ್ ರಸೆಲ್ ತಪ್ಪಿಸಿದರು, ಕೊನೆಯದು ಪಂದ್ಯ ಮುಗಿಯುವ ಹೊತ್ತಿನಲ್ಲಿ, ಅಂಚಿನಿಂದ. 16-15. ಆ ವರ್ಷ ಇಂಗ್ಲೆಂಡಿನವರೂ ಕಪ್ಪಿಗಾಗಿ ನಾಲ್ಕು ವರ್ಷ ಕಾದಿದ್ದರು ಎಂಬುದನ್ನು ಮರೆಯಬಾರದು. ಆ ಚೆಂಡು ಗಾಳಿಯಲ್ಲಿದ್ದಷ್ಟು ಹೊತ್ತು ಎರಡೂ ಕಡೆಯವರು ಒಂದೇ ತೀವ್ರತೆಯಿಂದ ಕಾದರು ಎಂದು ನಾನು ಒಪ್ಪುತ್ತೇನೆ, ನನ್ನ ವಾದಕ್ಕೆ ಅಷ್ಟರಮಟ್ಟಿಗೆ ಪೆಟ್ಟು ಬಿದ್ದರೂ.

ನಮ್ಮಲ್ಲೂ ಈ ಆಟ ಇದೆ ಎಂಬುದನ್ನು ಹೇಳಿ ನಿಲ್ಲಿಸುತ್ತೇನೆ. 2025ರಲ್ಲಿ ಮುಂಬೈಯಲ್ಲಿ ನಡೆದ ಏಳು ಜನರ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರಿನ ಹೆಸರಿನ ತಂಡವೂ ಆಡಿತು. ತಂಡದ ಹೆಸರು ಬ್ರೇವ್‌ಹಾರ್ಟ್ಸ್, ಸ್ಕಾಟ್ ವೀರರಿಗೆ ಅಂಟಿಕೊಂಡಿರುವ ಬಿರುದು. ಸ್ಕಾಟ್ಲೆಂಡಿನವರು ಕೇಳಿದರೆ ಹುಬ್ಬೇರಿಸಬಹುದು. ಅವರು ಕಲ್ಕತ್ತೆಯ ಬೆಳ್ಳಿಗಾಗಿ ಸೆಣಸುತ್ತಿರುವಾಗ ನಾವು ಅವರ ಒಂದು ಬಿರುದು ಎರವಲು ತಂದರೆ ಲೆಕ್ಕ ಸರಿಹೋಯಿತು ಎಂದು ನಾನಂತೂ ಉತ್ತರಿಸುತ್ತೇನೆ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.