ಸಣ್ಣದನ್ನು ಕೇಳಿ

ಕೇಳುಗರಿಗೆಲ್ಲ ನಮಸ್ಕಾರ. ನಾನು ಬೇರೆಯವರ ಆತ್ಮಕಥೆ ಬರೆದುಕೊಡುವವನು. ಘೋಸ್ಟ್ ರೈಟರ್ ಅಂತಾರಲ್ಲ, ಅದು. ಬದುಕು ಅವರದ್ದು, ಮುಖಪುಟದ ಹೆಸರೂ ಅವರದ್ದು. ಕೂತು ಬರೆಯುವುದು ಮಾತ್ರ ನಾನು.

"ಇದು ಮೋಸ ಅಲ್ವಾ?" ಅಂತ ಎಲ್ಲಿ ಹೋದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಅಲ್ಲ. ಟೆನಿಸ್ ಆಟಗಾರ ಆಂಡ್ರೆ ಅಗಾಸಿಯ ಆತ್ಮಕಥೆ 2009ರಲ್ಲಿ ಬಂತು. ಅವರ ಜೊತೆ ಕೂತು ಬರೆದವರು ಪತ್ರಕರ್ತ ಜೆ. ಆರ್. ಮೋರಿಂಗರ್. ಮುಖಪುಟದಲ್ಲಿ ತಮ್ಮ ಹೆಸರು ಬೇಡ ಅಂದವರು ಮೋರಿಂಗರ್ ಅವರೇ. ಟೆನಿಸ್ ಕಂಡರೆ ತನಗಾಗದು ಎಂದು ಅಗಾಸಿ ಆ ಪುಸ್ತಕದಲ್ಲಿ ಹೇಳಿಕೊಂಡರು. ಆ ಮಾತು ಯಾರದ್ದು? ಆಡಿದವರದ್ದೇ. ಸರಿ, ಈ ಪ್ರಶ್ನೆ ಇಲ್ಲಿಗೆ ಸಾಕು.

ಇವತ್ತು ನಾನು ಹೇಳುವುದು ಒಂದೇ. ಸಣ್ಣದನ್ನು ಕೇಳಿ. ಅಪ್ಪನದ್ದೋ ಅಜ್ಜಿಯದ್ದೋ ಕಥೆ ಬರೆದಿಡಬೇಕು ಅಂತ ನಿಮ್ಮಲ್ಲಿ ಕೆಲವರಿಗೆ ಆಸೆ ಇರುತ್ತದೆ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, "ನಿಮ್ಮ ಜೀವನದ ಬಗ್ಗೆ ಹೇಳಿ" ಅನ್ನುತ್ತೀರಿ. ಅವರು ಭಾಷಣ ಶುರು ಮಾಡುತ್ತಾರೆ. ಕಷ್ಟಪಟ್ಟೆ, ದೇವರು ಕೈಬಿಡಲಿಲ್ಲ, ಎಲ್ಲರ ಸಹಕಾರ ಇತ್ತು. ಮುಗೀತು! ಅವರನ್ನು ಬೈಯಬೇಡಿ. ನೀವು ಕೇಳಿದ್ದೇ ಹಾಗೆ.

ಒಬ್ಬರು ಲಾರಿ ಮಾಲೀಕರು ನನ್ನಿಂದ ಪುಸ್ತಕ ಬರೆಸಿದರು. ಒಂದು ಲಾರಿಯಿಂದ ಶುರುಮಾಡಿ ದೊಡ್ಡದಾಗಿ ಬೆಳೆದವರು. ಯಾವಾಗ ಹೋದರೂ "ಶ್ರಮ, ಪ್ರಾಮಾಣಿಕತೆ" ಬಿಟ್ಟು ಬೇರೆ ಮಾತಿಲ್ಲ. ಕೊನೆಗೆ ಕೇಳಿದೆ: "ಸಾರ್, ಆ ಮೊದಲನೇ ಲಾರಿಯನ್ನು ರಾತ್ರಿ ಎಲ್ಲಿ ನಿಲ್ಲಿಸುತ್ತಿದ್ದಿರಿ?"

"ಮನೆ ಮುಂದೆ. ನಾನೂ ಅದರಲ್ಲೇ ಮಲಗುತ್ತಿದ್ದೆ."

"ಯಾಕೆ?"

"ಬ್ಯಾಟರಿ ಕದೀತಾರಲ್ಲ ಅಂತ."

ಅಷ್ಟರಲ್ಲಿ ಒಳಗಿಂದ ಅವರ ಹೆಂಡತಿ ಬಂದರು. "ಬ್ಯಾಟರಿ ಅಂತೆ! ಭಾವನವರಿಗೆ ಮುಖ ತೋರಿಸೋಕೆ ಆಗದೆ ಅಲ್ಲಿ ಮಲಗ್ತಿದ್ರು" ಅಂದರು. ಲಾರಿ ಕೊಳ್ಳಲು ಅಣ್ಣನಿಂದ ಸಾಲ ತಂದಿದ್ದರಂತೆ. ಹೇಳಿದ ಹೊತ್ತಿಗೆ ತೀರಿಸಲು ಆಗಿರಲಿಲ್ಲ. ಅಣ್ಣ ಇದ್ದದ್ದು ಅದೇ ಮನೆಯಲ್ಲಿ. ಈಯಮ್ಮ ರಾತ್ರಿ ತಟ್ಟೆ ತಂದು ಕ್ಯಾಬಿನ್ ಬಾಗಿಲಲ್ಲಿ ಕೊಡುವರು. ಅವರು ಉಂಡು ಮುಗಿಸುವ ತನಕ ಕೆಳಗೆ ನಿಂತೇ ಇರುವರು. ಹೊಸದಾಗಿ ಮದುವೆಯಾದವರು ಮಾತಾಡಿಕೊಳ್ಳುತ್ತಿದ್ದದ್ದು ಆಗ ಮಾತ್ರ.

ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಇದನ್ನೆಲ್ಲ ಬರೀಬೇಡಿ" ಅಂದರು. ನಾನು ಬರೆಯಲಿಲ್ಲ. ಕಥೆ ಅವರದ್ದು, ಬೇಡ ಅನ್ನುವ ಹಕ್ಕೂ ಅವರದ್ದೇ. ಕೆಲವು ದಿನ ಕಳೆದ ಮೇಲೆ ಅವರೇ ಫೋನ್ ಮಾಡಿದರು. "ಹಾಕಿ. ಆದರೆ ಸಾಲ ಎಷ್ಟು ಅಂತ ಬೇಡ." ಆ ಪುಸ್ತಕದಲ್ಲಿ ಜನ ಓದಿದ್ದು ಆ ಅಧ್ಯಾಯವನ್ನೇ. ಶ್ರಮದ ಅಧ್ಯಾಯವೂ ಇದೆ, ಯಾರೂ ಅದರ ಸುದ್ದಿ ಎತ್ತಲಿಲ್ಲ.

ನೋಡಿ, ಲಾರಿ ಎಲ್ಲಿ ನಿಂತಿತ್ತು ಅನ್ನುವಷ್ಟು ಸಣ್ಣ ಪ್ರಶ್ನೆ. ಅದಕ್ಕೇ ಹೇಳುವುದು, ಸಣ್ಣದನ್ನು ಕೇಳಿ. ಮೊದಲ ಸಂಬಳ ಯಾರ ಕೈಗೆ ಕೊಟ್ಟಿರಿ? ಆ ಮನೆಯಲ್ಲಿ ದೀಪ ಆರಿಸುತ್ತಿದ್ದವರು ಯಾರು? ಕೇಳಿ ಸುಮ್ಮನಿರಿ. ಅವರು ತಡವರಿಸಿದರೆ ನೀವು ಮಾತು ತುಂಬಿಸಬೇಡಿ. ಈಗಿನವರಿಗೆ ಅಷ್ಟು ತಾಳ್ಮೆಯೇ ಇಲ್ಲ.

ಇನ್ನೂ ಕೆಲವು ವಿಷಯ ಇದ್ದವು. ಲಾರಿಯವರೇ ಸಮಯವೆಲ್ಲ ತಿಂದರು. ಬೇಗ ಹೇಳಿಬಿಡುತ್ತೇನೆ. ಅವರ ಮಾತು ನಿಂತ ಕಡೆ ನಿಮ್ಮ ವಾಕ್ಯವೂ ನಿಲ್ಲಲಿ, ನಿಮ್ಮ ಅಲಂಕಾರ ಬೇಡ. ಇಸವಿಯನ್ನು ನೆನಪಿನಿಂದ ಬರೆಯಬೇಡಿ, ಹಳೆಯ ಕಾಗದ ಪತ್ರ ತೆಗೆಸಿ ನೋಡಿ. ಇದನ್ನೇ ವೃತ್ತಿ ಮಾಡಿಕೊಳ್ಳುವವರು ಒಪ್ಪಂದವಿಲ್ಲದೆ ಒಂದು ಪುಟವನ್ನೂ ಬರೆಯಬೇಡಿ. ಹಕ್ಕುಸ್ವಾಮ್ಯ ಯಾರದ್ದು, ಹಣ ಎಷ್ಟು ಕಂತಿನಲ್ಲಿ, ಗುಟ್ಟು ಕಾಯಬೇಕಾದ್ದು ಏನೇನು, ಎಲ್ಲ ಅದರಲ್ಲಿರಲಿ. ಎಷ್ಟು ಸಲ ತಿದ್ದಿಕೊಡಬೇಕು ಅನ್ನುವುದನ್ನಂತೂ ಮರೆಯದೆ ಬರೆಸಿ. ಇಲ್ಲವಾದರೆ ಅವರ ಅಳಿಯಂದಿರೂ ತಿದ್ದುಪಡಿ ಕಳಿಸುತ್ತಾರೆ.

ನಮಸ್ಕಾರ.