ಕೆರೀಬೇಡ ಅನ್ನೋದನ್ನು ಬಿಟ್ಟೆ

ಮೊದಲೇ ಹೇಳಿಬಿಡುತ್ತೇನೆ, ಇವತ್ತಿನ ಅರ್ಧ ವಿಡಿಯೊ ಮಬ್ಬಾಗಿದೆ. ನಿಮ್ಮ ಕಣ್ಣಿನ ತಪ್ಪಲ್ಲ, ಫೋನಿನದೂ ಅಲ್ಲ. ಮುಲಾಮು ಹಚ್ಚಿದ ಬೆರಳಲ್ಲೇ ಲೆನ್ಸ್ ಒರೆಸಿದ ಜಾಣೆ ನಾನೇ. ಗೊತ್ತಾಗಿದ್ದು ಎಡಿಟ್ ಮಾಡೋಕೆ ಕೂತಾಗ. ಮತ್ತೆ ಶೂಟ್ ಮಾಡೋಣ ಅಂದರೆ ಮಗಳು ಇನ್ನೊಂದು ಸ್ನಾನಕ್ಕೆ ಒಪ್ಪಲಿಲ್ಲ. ಹಾಗಾಗಿ ಇದೇ ಇರಲಿ.

ವಿಷಯ ಎಕ್ಸಿಮಾ. ಹಳಬರು ಇಸುಬು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರಿಗಿದೆ. ಮಗಳಿಗೆ ಐದು ವರ್ಷ, ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ. ನನಗೆ ಬೆರಳ ಸಂದಿಯಲ್ಲಿ. ಅಂಟುರೋಗ ಅಲ್ಲ. ಮುಟ್ಟಿದರೆ ಬರಲ್ಲ, ಪಕ್ಕದಲ್ಲಿ ಕೂತರೂ ಬರಲ್ಲ. ಇದನ್ನು ಇನ್ನೂ ಎಷ್ಟು ಜನಕ್ಕೆ ಹೇಳಬೇಕೋ.

ಈಗ ನೀರು ನೋಡಿ, ಉಗುರುಬೆಚ್ಚಗೆ. ಹಬೆ ಬರಬಾರದು. ತುರಿಸೋ ಚರ್ಮದ ಮೇಲೆ ಸುಡು ಸುಡು ನೀರು ಬಿದ್ದರೆ ಆಹಾ ಅನಿಸುತ್ತದೆ, ನನಗೂ ಗೊತ್ತು. ಎಷ್ಟೋ ವರ್ಷ ಹಾಗೇ ಮಾಡಿದ್ದೇನೆ. ಅರ್ಧ ಗಂಟೆ ಬಿಟ್ಟು ಅದೇ ನವೆ ಬಡ್ಡಿ ಸಮೇತ ವಾಪಸ್ ಬರುತ್ತದೆ. ಐದರಿಂದ ಹತ್ತು ನಿಮಿಷ ಸಾಕು. ನೊರೆ ಬರೋ ಸೋಪು ಬೇಡ. ಉಜ್ಜೋದಂತೂ ಬೇಡವೇ ಬೇಡ.

ಚರ್ಮಕ್ಕೆ ಏನಾಗಿರುತ್ತದೆ ಅಂದರೆ, ಮುಚ್ಚಳ ಸರಿಯಾಗಿ ಕೂರದ ಡಬ್ಬ ಇರುತ್ತದಲ್ಲ, ಹಾಗೆ. ಒಳಗಿನ ತೇವ ಹೊರಗೆ ಹೋಗುತ್ತದೆ, ಹೊರಗಿನ ಧೂಳು, ಸೋಪು ಒಳಗೆ ಬರುತ್ತದೆ. ಫಿಲಾಗ್ರಿನ್ ಅಂತ ಒಂದು ಪ್ರೋಟೀನ್ ಇದೆ, ಆ ಮುಚ್ಚಳವನ್ನು ಗಟ್ಟಿಯಾಗಿ ಇಡೋದು ಅದೇ. ಕೆಲವರಿಗೆ ಅದರ ಜೀನ್‌ನಲ್ಲೇ ದೋಷ ಇರುತ್ತದೆ, 2006ರಲ್ಲಿ ಇದನ್ನು ಕಂಡುಹಿಡಿದರು. ಅಂದರೆ ಮಗು ಹಟಕ್ಕೆ ಕೆರೆದುಕೊಳ್ಳುತ್ತಿಲ್ಲ. ಕೆರೆದಷ್ಟೂ ಚರ್ಮ ಕೆಡುತ್ತದೆ, ಕೆಟ್ಟಷ್ಟೂ ಜಾಸ್ತಿ ತುರಿಸುತ್ತದೆ. ಇದರ ಮಧ್ಯೆ ನಿಂತು "ಕೆರೀಬೇಡ, ಕೆರೀಬೇಡ" ಅಂತ ನಾನು ದಿನಕ್ಕೆ ನೂರು ಸಲ ಕೂಗುತ್ತಿದ್ದೆ. ಪಾಪ, ಅವಳು ಸೋಫಾ ಹಿಂದೆ ಹೋಗಿ ಕೂತು ಕೆರೆದುಕೊಳ್ಳೋಕೆ ಶುರು ಮಾಡಿದಳು. ಆವತ್ತೇ ಆ ಮಾತು ಬಿಟ್ಟೆ. ಈಗ "ಬಾ, ಒದ್ದೆ ಬಟ್ಟೆ ಇಡೋಣ" ಅನ್ನುತ್ತೇನೆ. ತಣ್ಣಗಿನ ಒದ್ದೆ ಬಟ್ಟೆ, ಅಷ್ಟೇ. ಅಥವಾ ಕೆರೆಯೋ ಬದಲು ಅಂಗೈಯಿಂದ ಒತ್ತಿ ಹಿಡಿಯೋದು. ಅಯ್ಯೋ, ಟವೆಲ್ ಎಲ್ಲಿ? ಒರೆಸಬಾರದು, ಮೆಲ್ಲಗೆ ಒತ್ತಬೇಕು, ಮೈ ಸ್ವಲ್ಪ ತೇವ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಬೇಕು. ಕೂದಲು ಬೆಳೆದ ದಿಕ್ಕಿಗೆ, ಮೇಲಿಂದ ಕೆಳಗೆ.

ಮಾಯಿಶ್ಚರೈಸರ್ ಅಂದೆನಲ್ಲ, ಇಲ್ಲಿ ನನ್ನ ಸಿಟ್ಟು ಸ್ವಲ್ಪ ಕೇಳಿಸಿಕೊಳ್ಳಿ. ಈ ಬಾಟಲಿ. ಬ್ರ್ಯಾಂಡ್ ಹೆಸರಿಗೆ ಟೇಪ್ ಅಂಟಿಸಿದ್ದೇನೆ, ಕೇಳಬೇಡಿ. ಮೇಲೆ ನಗುವ ಪಾಪುವಿನ ಚಿತ್ರ. ಪಕ್ಕದಲ್ಲಿ ಎರಡು ಹಸಿರು ಎಲೆ. ಕೆಳಗೆ ದೊಡ್ಡದಾಗಿ "ಅನ್‌ಸೆಂಟೆಡ್". ನಾನೂ ಮೂಸಿ ನೋಡಿದೆ, ನಿಜವಾಗಿ ಏನೂ ವಾಸನೆ ಇಲ್ಲ. ಸಂತೋಷದಿಂದ ತಂದು ಕುತ್ತಿಗೆಯಿಂದ ಪಾದದವರೆಗೆ ಬಳಿದೆ. ಎರಡು ನಿಮಿಷಕ್ಕೆ "ಅಮ್ಮಾ, ಇದು ಕಚ್ಚುತ್ತೆ" ಅಂದಳು. ಇಲ್ಲ ಚಿನ್ನಿ, ಹೊಸದಲ್ವಾ, ಸರಿಹೋಗುತ್ತೆ ಅಂದೆ. ಸರಿಹೋಗಲಿಲ್ಲ. ಮೊಣಕೈ ಮಡಿಕೆ ನೋಡನೋಡುತ್ತಾ ಉಬ್ಬಿಕೊಂಡಿತು. ಮತ್ತೆ ತೊಳೆದು, ಒದ್ದೆ ಬಟ್ಟೆ ಇಟ್ಟು, ಎತ್ತಿಕೊಂಡು ಓಡಾಡಿ, ಅವಳು ಮಲಗುವಾಗ ರಾತ್ರಿ ಒಂದು ಗಂಟೆ.

ಅವಳು ಮಲಗಿದ ಮೇಲೆ ಬಾಟಲಿಯ ಹಿಂಭಾಗ ಓದಿದೆ. ಅಕ್ಷರ ಎಷ್ಟು ಸಣ್ಣ ಅಂದರೆ ಫೋನಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ಓದಬೇಕಾಯಿತು. ಪಟ್ಟಿಯ ಕೊನೆಯಲ್ಲಿ ಸುಗಂಧ ಅಂತ ಇದೆ! ಅನ್‌ಸೆಂಟೆಡ್ ಅಂದರೆ ನಮ್ಮ ಮೂಗಿಗೆ ವಾಸನೆ ಬರಲ್ಲ ಅಂತ, ಅಷ್ಟೇ. ಒಳಗಿರೋ ವಸ್ತುಗಳ ವಾಸನೆ ಮುಚ್ಚೋಕೆ ಇನ್ನೊಂದು ಸುಗಂಧ ಹಾಕಿರಬಹುದು. ನಮಗೆ ಬೇಕಾಗಿರೋದು "ಫ್ರಾಗ್ರೆನ್ಸ್ ಫ್ರೀ". ಎರಡೂ ಒಂದೇ ಅಂತ ನಾನು ಅಂದುಕೊಂಡಿದ್ದೆ. ನೀವೂ ಅಂದುಕೊಂಡಿರುತ್ತೀರಿ, ಹೌದೋ ಅಲ್ವೋ? ಎಲೆ ಚಿತ್ರ ನೋಡಿ ಇನ್ನು ಏನನ್ನೂ ನಂಬಲ್ಲ ನಾನು. ಹೊಸದು ಏನೇ ತಂದರೂ ಮೊದಲು ಒಂದು ಸಣ್ಣ ಜಾಗಕ್ಕೆ ಹಚ್ಚಿ ಒಂದೆರಡು ದಿನ ನೋಡುತ್ತೇನೆ. ಮಗು "ಕಚ್ಚುತ್ತೆ" ಅಂದರೆ ಆ ಮಾತನ್ನು ಮೊದಲು ನಂಬುತ್ತೇನೆ.

ಹಿಂದಿನ ಒಂದು ವಿಡಿಯೊದಲ್ಲಿ "ಮುಲಾಮು ಒಂದೇ ಕೆಲಸಕ್ಕೆ ಬರೋದು, ಲೋಷನ್ ಎಲ್ಲಾ ನೀರು" ಅಂತ ಜೋರಾಗಿ ಹೇಳಿದ್ದೆ. ಆ ಮಾತು ವಾಪಸ್. ಬ್ರಿಟನ್‌ನಲ್ಲಿ 550 ಮಕ್ಕಳಿಗೆ ಲೋಷನ್, ಕ್ರೀಮ್, ಜೆಲ್, ಮುಲಾಮು ಕೊಟ್ಟು ಹೋಲಿಸಿ ನೋಡಿದ್ದಾರೆ, 2022ರಲ್ಲಿ ಪ್ರಕಟವಾಯಿತು. ನಾಲ್ಕರಲ್ಲಿ ಯಾವುದೂ ಇನ್ನೊಂದಕ್ಕಿಂತ ಮೇಲು ಅಂತ ಬರಲಿಲ್ಲ. ಮಗು ಯಾವುದನ್ನು ಕಿರುಚದೆ ಹಚ್ಚಿಸಿಕೊಳ್ಳುತ್ತದೋ ಅದೇ ಒಳ್ಳೆಯದು. ಆದರೂ ನನ್ನ ಬೆರಳಿಗೆ ಮುಲಾಮೇ ಬೇಕು, ಅದು ನನ್ನ ಹಟ. ಇನ್ನೊಂದು, ಮುಲಾಮು ಮೆತ್ತಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ಒಗೆದರೂ ಪೂರ್ತಿ ಹೋಗಲ್ಲ. ಒಲೆ, ಲೈಟರ್ ಹತ್ತಿರ ಹುಷಾರು.

ಈಗ ಡಾಕ್ಟರ್ ಬರೆದುಕೊಟ್ಟ ಟ್ಯೂಬ್. ಹೌದು, ಸ್ಟಿರಾಯ್ಡ್, ಚರ್ಮದ ಉರಿಯೂತ ತಗ್ಗಿಸೋ ಔಷಧಿ. ಮೂರು ವಾರ ಡ್ರಾಯರ್‌ನಲ್ಲಿ ಬಚ್ಚಿಟ್ಟಿದ್ದೆ, ಹೆದರಿಕೆ. ಆಮೇಲೆ ಹಚ್ಚಿದೆ, ಅದೂ ಹಚ್ಚಿದೆನೋ ಇಲ್ಲವೋ ಅನ್ನೋ ಹಾಗೆ. ನಾಲ್ಕು ದಿನಕ್ಕೆ ಸ್ವಲ್ಪ ತಗ್ಗಿತು, ನಿಲ್ಲಿಸಿದೆ. ಮತ್ತೆ ಎದ್ದಿತು. "ಅರ್ಧ ಆರಿಸಿದ ಬೆಂಕಿ ಇದು" ಅಂದರು ಡಾಕ್ಟರ್. ಈ ಜಾತಿಯ ಮೊದಲ ಔಷಧಿ ಹೈಡ್ರೋಕಾರ್ಟಿಸೋನ್, 1952ರಿಂದ ಚರ್ಮಕ್ಕೆ ಹಚ್ಚುತ್ತಿದ್ದಾರೆ. ಬೇಕಾದ ಕಡೆ, ಬೇಕಾದಷ್ಟು ದಿನ, ಸರಿಯಾದ ಶಕ್ತಿಯದು ಹಚ್ಚಿದರೆ ಹೆದರಬೇಕಾಗಿಲ್ಲ. ಅಳತೆ ನೋಡಿ, ಇದೊಂದೇ ಶಾಟ್ ಸ್ಪಷ್ಟವಾಗಿ ಬಂದಿರೋದು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಒಂದು ಎಳೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ, ಬೆರಳೂ ಸೇರಿ, ಸಾಕಾಗುತ್ತದೆ. ಮುಖಕ್ಕೆ, ರೆಪ್ಪೆಗೆ ಬೇರೆ ಟ್ಯೂಬ್. ನನ್ನದನ್ನು ಅವಳಿಗೆ ಹಚ್ಚಲ್ಲ, ನನ್ನ ಕೈಯ ಚರ್ಮ ದಪ್ಪ, ಔಷಧಿಯೂ ಜೋರು. ಟ್ಯಾಕ್ರೋಲಿಮಸ್ ಥರ ಸ್ಟಿರಾಯ್ಡ್ ಅಲ್ಲದ ಮುಲಾಮೂ ಇದೆ, ಡಾಕ್ಟರನ್ನು ಕೇಳಿ. ಮತ್ತೆ, ಕಂಡವರ ಮಾತು ಕೇಳಿ ಮಗುವಿಗೆ ಊಟದಲ್ಲಿ ಒಂದೊಂದೇ ಪದಾರ್ಥ ನಿಲ್ಲಿಸಬೇಡಿ. ನಾನು ನಿಲ್ಲಿಸಿದ್ದೆ. ಮಗು ಸೊರಗಿತು, ನವೆ ಹಾಗೇ ಇತ್ತು.

ಇದು ರಾತ್ರಿ, ದೀಪ ಆರಿಸಿದ್ದೇನೆ, ಏನೂ ಕಾಣಲ್ಲ, ಬರೀ ಸದ್ದು. ಕರ ಕರ ಕರ. ಅವಳಲ್ಲ, ನಾನು! ಕಾಮೆಂಟ್ರಿ ಯೋಚಿಸುತ್ತಾ ನನ್ನ ಬೆರಳು ನಾನೇ ಕೆರೆಯುತ್ತಿದ್ದೇನೆ. ದೊಡ್ಡವರದು ಇದೇ ಗೋಳು, ನಮಗೆ ಒದ್ದೆ ಬಟ್ಟೆ ಇಡೋರು ಯಾರು? ಪಾತ್ರೆ ತೊಳೆಯುವಾಗ ಒಳಗೆ ಹತ್ತಿಯ ಗ್ಲೌಸ್, ಮೇಲೆ ರಬ್ಬರ್‌ದು ಹಾಕು ಅಂತ ಹೇಳಿದ್ದಾರೆ. ಹಾಕಲ್ಲ ನಾನು. ನಾಳೆಯಿಂದ ಹಾಕುತ್ತೇನೆ.

ನಿದ್ದೆ ಬರಿಸೋ ಅಲರ್ಜಿ ಮಾತ್ರೆ ಕೊಡಬಹುದಲ್ಲ ಅಂತ ಬಹಳ ಜನ ಕೇಳುತ್ತೀರಿ. ಮಂಪರು ಬರುತ್ತದೆ, ನವೆ ಅಷ್ಟಾಗಿ ಹೋಗಲ್ಲ, ಯಾಕಂದರೆ ಆ ಮಾತ್ರೆ ತಡೆಯೋದು ಹಿಸ್ಟಮಿನ್ ಅನ್ನೋ, ಅಲರ್ಜಿಯಲ್ಲಿ ಮೈ ಬಿಡೋ ರಾಸಾಯನಿಕವನ್ನು; ಈ ನವೆಗೆ ಅದು ಮುಖ್ಯ ಕಾರಣ ಅಲ್ಲ. ಉಗುರು ಗಿಡ್ಡ ಮಾಡಿ, ಮೆತ್ತನೆಯ ಹತ್ತಿ ಬಟ್ಟೆ ಹಾಕಿ, ಹೊದಿಕೆ ಕಡಿಮೆ ಮಾಡಿ, ಬೆವರಿದರೆ ಕಥೆ ಮುಗಿಯಿತು.

ತಡ ಮಾಡಬಾರದ್ದು ಮಾತ್ರ ಹೇಳಿಬಿಡುತ್ತೇನೆ, ಬ್ಯಾಟರಿ ಕೆಂಪಾಯಿತು. ಹಳದಿ ಹಕ್ಕಳೆ, ಕೀವು, ಜ್ವರ ಬಂದರೆ ಸೋಂಕು ತಗುಲಿರಬಹುದು, ಡಾಕ್ಟರಿಗೆ ತೋರಿಸಿ. ಒಂದೇ ಅಳತೆಯ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು, ಒಡೆದು ನೋಯುತ್ತಿದ್ದರೆ ಅದು ಹರ್ಪಿಸ್ ಅನ್ನೋ ವೈರಸ್ ಸೋಂಕು ಇರಬಹುದು, ಅವತ್ತೇ ಹೋಗಿ, ನಾಳೆ ಅನ್ನಬೇಡಿ. ಮನೆಮಂದಿಗೆಲ್ಲ ರಾತ್ರಿ ಹೊತ್ತು ತುರಿಸುತ್ತಿದ್ದರೆ ಕಜ್ಜಿ ಇರಬಹುದು, ಅದಕ್ಕೆ ಔಷಧಿಯೇ ಬೇರೆ. ಕಪ್ಪು, ಕಂದು ಮೈಬಣ್ಣದವರಿಗೆ ಎಕ್ಸಿಮಾ ಕೆಂಪಗೇ ಕಾಣಬೇಕು ಅಂತಿಲ್ಲ, ಬೂದಿ ಬಣ್ಣಕ್ಕೆ, ನೇರಳೆಗೂ ತಿರುಗುತ್ತದೆ. ಕೆಂಪಿಲ್ಲ ಅಂತ ಸುಮ್ನೆ ಕೂರಬೇಡಿ.

ಮುಲಾಮಿನ ಡಬ್ಬದ ಮುಚ್ಚಳ ಯಾರಾದರೂ ನೋಡಿದಿರಾ? ಮೊದಲ ಶಾಟ್‌ನಲ್ಲಿ ಇತ್ತು.